ಅಮಲ್ದಾರರ ಮರಿಗಳ ವಿಲೇವಾರಿ

ನನ್ನ ಮದುವೆಯ ಕೋಟಿಗೆ ಇಷ್ಟು ವರ್ಷಗಳಾದ ಮೇಲೆ ಒಂದು ಉಪಯೋಗ ಸಿಕ್ಕಿತು. ಅದರ ಮೇಲೆ ನಮ್ಮ ಅಮಲ್ದಾರರು ಹೆತ್ತರು.

ಗಾಬರಿಯಾಗಬೇಡಿ. ಅಮಲ್ದಾರರು ಎಂದರೆ ನಮ್ಮ ಮನೆಯ ಬೆಕ್ಕು. ಬೆಳಗ್ಗೆ ಎದ್ದೊಡನೆ ಅಡಿಗೆಮನೆ, ಹಿತ್ತಿಲು, ನನ್ನ ಮೇಜು ಎಲ್ಲವನ್ನೂ ಒಂದು ಸುತ್ತು ತಪಾಸಣೆ ಮಾಡಿ, ಯಾವುದರ ಬಗ್ಗೆಯೂ ಸಮಾಧಾನ ತೋರಿಸದೆ, ಮಧ್ಯಾಹ್ನವೆಲ್ಲ ಮಲಗುವ ಆ ಠೀವಿ ನೋಡಿಯೇ ನಾನು ಪದವಿ ದಯಪಾಲಿಸಿದ್ದು. ಗಂಡೆಂದೇ ನಂಬಿದ್ದೆ. ಒಂದು ಬೆಳಗ್ಗೆ ಬೀರು ತೆರೆದರೆ, ಕೋಟಿನ ಎದೆಯ ಮೇಲೆ ನಾಲ್ಕು ಮರಿಗಳನ್ನು ಸಾಲಾಗಿ ಮಲಗಿಸಿಕೊಂಡು, ಬಾಗಿಲು ತಟ್ಟದೆ ಒಳಗೆ ಬಂದ ಗುಮಾಸ್ತನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ನನ್ನ ಹೆಂಡತಿ ಶಾರದೆ ಬಂದು ಇಣುಕಿ, "ಸದ್ಯ, ಆ ಕೋಟು ಯಾರಿಗಾದ್ರೂ ಹೊಂದಿತಲ್ಲ" ಎಂದಳು.

ಹೆಸರು ಬದಲಾಯಿಸೋಣವೇ ಎಂಬ ಚರ್ಚೆ ಬಂತು. ಹೆರಿಗೆ ರಜೆಯ ಮೇಲೆ ಹೋದ ಮಾತ್ರಕ್ಕೆ ಯಾರ ಹುದ್ದೆಯೂ ಹೋಗಕೂಡದು ಎಂದು ನಾನು ತೀರ್ಪು ಕೊಟ್ಟೆ. ಅಮಲ್ದಾರರು ಅಮಲ್ದಾರರಾಗಿಯೇ ಉಳಿದರು.

ನಾನು ಚನ್ನಗಿರಿಯಲ್ಲಿ ಪತ್ರ ಬರೆಯುವವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಬರೆದು ಕೂದಲು ನೆರೆತಿದೆ. ಊರವರು 'ರೈಟ್ರೇ' ಎನ್ನುತ್ತಾರೆ. ಈ ಕಸುಬಿನ ದೋಷ ಏನೆಂದರೆ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಮನಸ್ಸು ತಾನಾಗಿ ನಾಲ್ಕು ದಿಕ್ಕಿನ ಚಕ್ಕುಬಂದಿ ಹಾಕಿಬಿಡುತ್ತದೆ. ಮರಿಗಳಿಗೂ ಹಾಕಿತು: ಪೂರ್ವಕ್ಕೆ ಕೋಟಿನ ಕಾಲರು, ಪಶ್ಚಿಮಕ್ಕೆ ಜೇಬು, ಉತ್ತರಕ್ಕೆ ತಾಯಿಯ ಹೊಟ್ಟೆ, ದಕ್ಷಿಣಕ್ಕೆ ಶಾರದೆಯ ಕೋಪ. ಈ ಮಧ್ಯೆ ಇರುವ ಸದರಿ ಸ್ವತ್ತನ್ನು ಮುಂದೆ ಯಾರಿಗೆ, ಹೇಗೆ, ಯಾವ ಷರತ್ತಿನ ಮೇಲೆ ವಹಿಸುವುದು ಎಂಬ ಚಿಂತೆ ಅಂದೇ ಹತ್ತಿಕೊಂಡಿತು.

ಪಕ್ಕದ ಮನೆಯ ರುದ್ರಮ್ಮನಿಗೆ ಇದರಲ್ಲಿ ಚಿಂತೆಯೇ ಕಾಣಲಿಲ್ಲ. "ಅದಕ್ಯಾಕೆ ತಲೆ ಕೆಡಿಸ್ಕಂತೀಯ ರೈಟರಣ್ಣ? ಒಂದು ಚೀಲಕ್ಕೆ ಹಾಕ್ಕಂಡು ಸಂತೇಬೆನ್ನೂರು ಸಂತೆ ದಿನ ಬಿಟ್ಟು ಬಾ. ಹಣೇಬರ ಇದ್ದೋವು ಬದುಕ್ತಾವೆ" ಎಂದಳು. ರುದ್ರಮ್ಮ ಕೆಟ್ಟವಳಲ್ಲ. ನಮ್ಮ ಸೀಮೆಯಲ್ಲಿ ಬೆಕ್ಕಿನ ಮರಿಗಳ ವಿಷಯದಲ್ಲಿ ತಲೆತಲಾಂತರದಿಂದ ನಡೆದು ಬಂದಿರುವ ವ್ಯವಸ್ಥೆಯೇ ಅದು. ತುಂಬಿದ ಚೀಲ ಹಿಡಿದು ಹೊರಟವನನ್ನು ಬಸ್ಸಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಖಾಲಿ ಚೀಲ ಹಿಡಿದು ಬಂದವನನ್ನೂ ಕೇಳುವುದಿಲ್ಲ. ನನಗೆ ಮಾತ್ರ ಮೈ ಉರಿಯಿತು. ಅಂಗೈ ಅಗಲದ ಖರಾಬು ಜಮೀನನ್ನೂ ಈ ಊರಿನಲ್ಲಿ ಯಾರೂ ವಾರಸುದಾರರಿಲ್ಲದೆ ಬಿಟ್ಟವರಿಲ್ಲ, ಉಸಿರಾಡುವ ನಾಲ್ಕು ಜೀವಗಳನ್ನು ಬಿಡುವುದೇ?

ಅಷ್ಟರಲ್ಲಿ ಅಮಲ್ದಾರರು ತಮ್ಮದೇ ಕ್ರಮ ಕೈಗೊಂಡರು. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಒಂದು ದಿನ ಕೋಟಿನ ಮೇಲೆ ಮರಿಗಳಿಲ್ಲ. ಹುಡುಕಿದರೆ ರುದ್ರಮ್ಮನ ಅಟ್ಟದ ಮೇಲಿವೆ. ಅಲ್ಲಿಂದ ಹಿಂದಿನ ಬೀದಿಯ ಗ್ಯಾರೇಜು, ಅಲ್ಲಿಂದ ನಮ್ಮದೇ ನೀರೊಲೆಯ ಬದಿ. ಕತ್ತಿನ ಹಿಂದೆ ಕಚ್ಚಿ ಎತ್ತಿದೊಡನೆ ಮರಿ ಕೈಕಾಲು ಮಡಚಿ ಜೋತುಬೀಳುತ್ತದೆ, ಎಲ್ಲಿಗೆ ಎಂದು ಕೇಳುವುದಿಲ್ಲ. ಇದನ್ನು ನೋಡಿಯೇ ನಮ್ಮ ಹಿಂದಿನ ವೇದಾಂತಿಗಳು ಭಕ್ತಿಯಲ್ಲಿ ಎರಡು ಬಗೆ ಮಾಡಿದರು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಹಿಡಿದುಕೊಳ್ಳುತ್ತದೆ. ಮೊದಲನೆಯದು ಮರ್ಕಟ ನ್ಯಾಯ, ಎರಡನೆಯದು ಮಾರ್ಜಾಲ ನ್ಯಾಯ. ದೊಡ್ಡ ದೊಡ್ಡವರು ಇದರ ಮೇಲೆ ವಾದ ಮಾಡಿ ಪಂಗಡವನ್ನೇ ಕಟ್ಟಿಕೊಂಡಿದ್ದಾರೆ. ಆದರೆ ಎರಡೇ ತಿಂಗಳಲ್ಲಿ ಅದೇ ತಾಯಿ ಅದೇ ಮರಿಯ ಮುಸುಡಿಗೆ ಫಟ್ಟೆಂದು ಬಾರಿಸಿ 'ನಿನ್ನ ದಾರಿ ನೀನು ನೋಡಿಕೋ' ಎನ್ನುತ್ತದಲ್ಲ, ಅದಕ್ಕೆ ಯಾವ ನ್ಯಾಯ ಎಂದು ಅವರಾರೂ ಹೇಳಿಲ್ಲ. ಬಹುಶಃ ಅವರು ಅಲ್ಲಿಯವರೆಗೆ ಬೆಕ್ಕು ಸಾಕಿರಲಿಲ್ಲ.

ಪಶು ಆಸ್ಪತ್ರೆಯ ಡಾಕ್ಟರಮ್ಮನಿಗೆ ವೇದಾಂತದ ತೊಂದರೆಯಿಲ್ಲ. "ಎರಡು ತಿಂಗಳಾದ್ರೂ ತಾಯಿ ಹತ್ರ ಇರ್ಲಿ, ಆಮೇಲೆ ಕೊಡಿ. ಹುಳದ ಔಷಧಿ, ಲಸಿಕೆ ಹಾಕ್ಸಿ. ಮರಿ ಹಾಲು ಬಿಟ್ ಮೇಲೆ ತಾಯಿಗೆ ಆಪರೇಷನ್ ಮಾಡ್ಸಿಬಿಡಿ, ಇಲ್ದಿದ್ರೆ ಮತ್ತೆ ಇದೇ ಬೆಂಚಿನ ಮೇಲೆ ಬಂದು ಕೂರ್ತೀರ" ಎಂದರು. ಹಸುವಿನ ಹಾಲು ಕುಡಿಸಬೇಡಿ, ಹೊಟ್ಟೆ ಕೆಡುತ್ತದೆ. ಬೇಯಿಸಿದ ಮೊಟ್ಟೆ ಕೊಡಿ ಎಂದೂ ಸೇರಿಸಿದರು.

ನಮ್ಮದು ಮೊಟ್ಟೆ ಒಳಗೆ ಬಂದ ಮನೆಯಲ್ಲ. ಕತ್ತಲಾಗುವ ಹೊತ್ತಿಗೆ, ತಲೆಗೆ ಮಫ್ಲರ್ ಸುತ್ತಿಕೊಂಡು, ಎರಡು ಬೀದಿ ಆಚೆಯ ಅಂಗಡಿಗೆ ಹೋದೆ. ಅಂಗಡಿಯವನು ಮೊಟ್ಟೆಗಳನ್ನು ಪೇಪರಿನಲ್ಲಿ ಸುತ್ತುತ್ತ, ಬೀದಿಗೆಲ್ಲ ಕೇಳುವ ಹಾಗೆ, "ಏನ್ ರೈಟ್ರೇ, ಡಾಕ್ಟ್ರು ಹೇಳಿದ್ರಾ?" ಎಂದ. ಹೌದು ಎಂದೆ. ಅಕ್ಷರಶಃ ನಿಜವನ್ನೇ ಹೇಳಿದೆ. ಮರುದಿನದಿಂದ ಊರಿನವರು ನನ್ನ ನಿಶ್ಶಕ್ತಿಯ ಬಗ್ಗೆ ವಿಚಾರಿಸತೊಡಗಿದರು.

ಎರಡು ತಿಂಗಳು ತುಂಬಿದಾಗ ಶಾರದೆ ಮರಿಗಳ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಮೊದಲು ಬಂದ ಉತ್ತರ, 'ರೇಟು ಎಷ್ಟು?' ಎರಡನೆಯದು, 'ಮರಿ ಚಂದ ಅದಾವೆ, ಹಿಂದಗಡೆ ಕಾಣೋ ಬೀರು ಕೊಡೋದೈತಾ?' ಆಮೇಲೆ ನಿಜವಾದ ಉಮೇದುವಾರರು ಬಂದರು. ನಾನು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿದೆ: ಮನೆಯಲ್ಲಿ ಹಗಲು ಯಾರಿರುತ್ತಾರೆ, ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು, ತಿನ್ನಲು ಏನು, ವಯಸ್ಸಿಗೆ ಬಂದಾಗ ಆಪರೇಷನ್ ಮಾಡಿಸುತ್ತೀರೋ ಇಲ್ಲವೋ. ಬಂದವರು ಬೆರಗಾಗಿ ಶಾರದೆಯ ಮುಖ ನೋಡುತ್ತಿದ್ದರು. ಅವಳು, "ನನ್ನನ್ನ ನೋಡಾಕೆ ಬಂದಾಗ ಇವರ ಮನೆಯವರನ್ನ ನಮ್ಮಪ್ಪ ಇದರ ಅರ್ಧನೂ ಕೇಳಿರ್ಲಿಲ್ಲ" ಎನ್ನುತ್ತ ಕಾಫಿ ಇಟ್ಟು ಹೋಗುತ್ತಿದ್ದಳು.

ಸಂತೇಬೆನ್ನೂರಿನ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಗೋಡೌನಿಗೆ ಬೇಕೆಂದು ಬಂದರು. ತಿನ್ನಲು ಏನು ಹಾಕುತ್ತೀರಿ ಎಂದೆ. "ಹಾಕೋದೇನೈತ್ರಿ? ಗೋಡೌನ್ ತುಂಬ ಇಲಿ ಅದಾವೆ, ದುಡಕೊಂಡು ತಿನ್ನಲಿ. ಹಿಡೀಲಿಲ್ಲ ಅಂದ್ರೆ ಪಾಷಾಣ ಇಟ್ಟೇ ಇರ್ತೀವಲ್ಲ" ಎಂದರು. ಅವರಿಗೆ ಕಾಫಿ ಮಾತ್ರ ಸಿಕ್ಕಿತು. ಬಿಳಿಚೋಡಿನ ಹಾಲಮ್ಮ ಜಮೀನಿನ ಪತ್ರ ಬರೆಸಲು ಬಂದವಳು ಒಂದು ಮರಿಯನ್ನು ಸೆರಗಿನಲ್ಲಿ ಹಾಕಿಕೊಂಡು ಕೂತುಬಿಟ್ಟಳು. ಕುರಿ ಸಾಕುವ ಮನೆ, ನಾಯಿ ಇರುತ್ತದಲ್ಲ ಎಂದು ಆಕ್ಷೇಪ ಎತ್ತಿದೆ. "ಐತೆ. ಕಣ್ಣ ಮುಂದೆ ಇದ್ದಿದ್ದನ್ನೆಲ್ಲ ಕುರಿ ಅಂತ ಕಾಯ್ತೈತೆ. ಇದನ್ನೂ ಕಾಯ್ತೈತೆ ಬಿಡಪ್ಪ" ಎಂದಳು. ಆಪರೇಷನ್ನಿಗೆ, "ನಂಗೇ ಆಗೈತೆ, ಇದಕ್ಕೇನು?" ಎಂದು ಒಪ್ಪಿಗೆ ಕೊಟ್ಟಳು. ಇಂಥ ಸ್ಪಷ್ಟ ಒಪ್ಪಿಗೆ ನನ್ನ ವೃತ್ತಿಜೀವನದಲ್ಲಿ ಯಾವ ಪಕ್ಷಗಾರರಿಂದಲೂ ಬಂದಿರಲಿಲ್ಲ. ಇನ್ನೆರಡು ಮರಿಗಳನ್ನು ಜೋಡಿಯಾಗಿಯೇ ನ್ಯಾಮತಿಯ ಟೀಚರಮ್ಮ ಒಬ್ಬರು ಕರೆದೊಯ್ದರು. ತಾವು ಶಾಲೆಗೆ ಹೋದಾಗ ಒಂದಕ್ಕೊಂದು ಜೊತೆಯಿರಲಿ ಎಂದು.

ಉಳಿದದ್ದು ಒಂದು. ಬಣ್ಣ, ಪಟ್ಟೆ, ನೋಡುವ ನೋಟ ಎಲ್ಲ ಅಮಲ್ದಾರರ ಪಡಿಯಚ್ಚು. ಅದಕ್ಕೆ ನಾನು ನಕಲು ಎಂದು ಹೆಸರಿಟ್ಟಿದ್ದೆ. ನಾನು ಬರೆಯುವಾಗ ಪೆನ್ನಿನ ತುದಿಯನ್ನು ಬೇಟೆಯಾಡುವುದು, ಷರಾ ಇರಬೇಕಾದ ಜಾಗದಲ್ಲಿ ಕಾಲೊತ್ತುವುದು ಅದರ ಕೆಲಸ.

ನಕಲನ್ನು ಕೇಳಿದವರು ಹೊನ್ನಾಳಿಯ ಮಹಬೂಬ್ ಸಾಬರು. ಗಾದಿ ಅಂಗಡಿ ಅವರದು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದು ಮಾರುತ್ತಾರೆ. ಅಣ್ಣತಮ್ಮಂದಿರ ಪಾಲುಪತ್ರಕ್ಕೆಂದು ಬಂದವರು ಪಾಲಿನ ಮಾತು ಬಿಟ್ಟು ಮರಿಯ ಮಾತು ತೆಗೆದರು. "ಇಲಿ ಬಂದು ಹತ್ತಿಯೊಳಗೆ ಸಂಸಾರ ಹೂಡ್ತಾವೆ ರೈಟ್ರೇ. ಆದ್ರೆ ಇದಕ್ಕೆ ಇಲಿ ಹಿಡಿಯೋ ಡ್ಯೂಟಿ ಇಲ್ಲ. ಸುಮ್ನೆ ವಾಸನೆ ಇದ್ರೆ ಸಾಕು. ಗಾದಿಯಿಂದ ಕೆಳಗೆ ಇಳಿಸಂಗಿಲ್ಲ, ನೋಡ್ರಿ" ಎಂದರು.

ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಟ್ಟರು. ಅದೇ ನನಗೆ ತೊಂದರೆಯಾಯಿತು. ಹತ್ತಿಯ ಧೂಳು ಮರಿಯ ಎದೆಗೆ ಕೂರುತ್ತದೆ ಎಂದೆ. ಹಿಂಜುವ ಮಿಷನ್ನು ಹಿಂದಿನ ಶೆಡ್ಡಿನಲ್ಲಿದೆ, ಅಂಗಡಿ ಬೇರೆ ಎಂದರು. ಎರಡನೆಯ ಸಲ ಬಂದಾಗ ಸೂಜಿ ದಬ್ಬಳದ ಅಪಾಯ ಹೇಳಿದೆ. ಡಬ್ಬಿಯಲ್ಲಿಡುತ್ತೇವೆ ಎಂದರು. ಮೂರನೆಯ ಸಲಕ್ಕೆ ನನ್ನಲ್ಲಿ ಆಕ್ಷೇಪಗಳೇ ಮುಗಿದು, ಹೊನ್ನಾಳಿಯಲ್ಲಿ ಹೊಳೆ ಇದೆಯಲ್ಲ ಎಂದೆ. ಸಾಬರು ನನ್ನನ್ನು ಒಂದು ಗಳಿಗೆ ನೋಡಿ, "ಹೊಳೆ ಮೊದಲಿಂದಾನೂ ಐತೆ ರೈಟ್ರೇ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಅವರು ಹೋದ ಮೇಲೆ ಶಾರದೆ, "ಮರಿ ಕೊಡಾಕೆ ಮನಸ್ಸಿಲ್ಲ ಅಂತ ನೆಟ್ಟಗೆ ಹೇಳಬಾರದಾ? ಪಾಪ, ಹೊಳೆ ಏನ್ ಮಾಡಿತ್ತು?" ಎಂದಳು. ನಾನು ಗಂಭೀರವಾಗಿ ಕನ್ನಡಕ ಒರೆಸಿಕೊಂಡೆ.

ಹೀಗೆ ನಾನು ಒರೆಸಿಕೊಳ್ಳುತ್ತಿದ್ದ ದಿನಗಳಲ್ಲಿ ನಕಲು ಬೆಳೆಯಿತು. ಆಪರೇಷನ್ ಮುಗಿಸಿಕೊಂಡು ಕಚೇರಿಗೆ ಮರಳಿದ ಅಮಲ್ದಾರರಿಗೆ ಒಂದೇ ತಾಲ್ಲೂಕಿನಲ್ಲಿ ಇನ್ನೊಬ್ಬ ಅಮಲ್ದಾರನನ್ನು ಸಹಿಸಲಾಗಲಿಲ್ಲ. ತಟ್ಟೆಯ ಬಳಿ ಬಂದರೆ ಹೊಡೆತ, ಕಿಟಕಿಯ ಬಳಿ ಬಂದರೆ ಹೊಡೆತ. ಒಳಗೆ ನಿಲ್ಲಲಾರದೆ ನಕಲು ಬೀದಿಗೆ ಇಳಿಯತೊಡಗಿತು. ನಮ್ಮ ಬೀದಿಯಲ್ಲಿ ಸುಗ್ಗಿಯ ಕಾಲಕ್ಕೆ ಜೋಳದ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಒಂದು ಬೆಳಗ್ಗೆ ಲಾರಿಯೊಂದು ಗುರ್ರೆಂದು ಶುರುವಾದದ್ದು, ಶಾರದೆ ರಂಗೋಲಿ ಬಟ್ಟಲು ಎಸೆದು "ಏಯ್, ನಿಲ್ಸೋ!" ಎಂದು ಕೂಗಿದ್ದು ಒಟ್ಟಿಗೇ ಕೇಳಿಸಿತು. ಹೊರಗೆ ಓಡಿದೆ. ಹಿಂದಿನ ಎರಡು ಚಕ್ರಗಳ ನಡುವಿನ ನೆರಳಿನಲ್ಲಿ ನಕಲು ಕೂತಿತ್ತು. ಡ್ರೈವರು ತಲೆ ಹೊರಗೆ ಹಾಕಿ, "ಸಾಕಿದ್ರೆ ಸರಿಯಾಗಿ ಸಾಕ್ರೀ ಯಜಮಾನ್ರೇ" ಎಂದ. ಮೊಣಕಾಲೂರಿ ಕೈ ಚಾಚಿ ಎಳೆದುಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ನನ್ನದು ಎಲ್ಲಿ ಹೊಡೆದುಕೊಳ್ಳುತ್ತಿತ್ತೋ ಗೊತ್ತಾಗಲಿಲ್ಲ.

ಶಾರದೆ ಒಳಗೆ ಹೋಗಿ ಫೋನು ತಂದು ನನ್ನ ಮುಂದಿಟ್ಟಳು.

"ಮೂರು ಸಲ ಇಲ್ಲ ಅಂದೋರು ಈಗ ತಾವಾಗೇ ಫೋನ್ ಮಾಡೀರಿ ಅಂದ್ರೆ ಮಾಲಿನಾಗೆ ಏನೋ ಐಬು ಐತೆ" ಎಂದರು ಮಹಬೂಬ್ ಸಾಬರು. ಆಮೇಲೆ ನನ್ನ ಮೇಲೆಯೇ ಪ್ರಶ್ನೆ ಶುರುವಾಯಿತು. ಕಚ್ಚುತ್ತಾ? ಪರಚುತ್ತಾ? ಲಸಿಕೆ ಆಗೈತಾ? ರಾತ್ರಿ ಒದರುತ್ತಾ? ಕೊಟ್ಟ ಮೇಲೆ ತಿರುಗಿ ಕೇಳಾಕೆ ಬರ್ತೀರಾ? ಕೊನೆಯದಕ್ಕೆ ನಾನು ಸ್ವಲ್ಪ ತಡವರಿಸಿದೆ. ಅವರು ನಕ್ಕು, "ಆತು ತಗೊಂಬರ್ರಿ. ಹೊಳೆ ಕಡೆ ಕಿಟಕಿ ಮುಚ್ಚಿರ್ತೀನಿ" ಎಂದರು.

ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬುಟ್ಟಿ ನನ್ನ ಬಗ್ಗೆ ದೂರು ಹೇಳುತ್ತಲೇ ಇತ್ತು. "ಏನ್ರಿ ಒಳಗೆ, ಕೂಸಾ?" ಎಂದ ಕಂಡಕ್ಟರು. ಬೆಕ್ಕು ಎಂದೆ. "ಚೀಲದಾಗೆ ಹಾಕ್ಕಂಡು ಹೋಗೋರನ್ನ ನೋಡೀನಿ, ಸೀಟಿನ ಮೇಲೆ ಕೂರಿಸ್ಕಂಡು ಹೋಗೋರನ್ನ ನೋಡಿರ್ಲಿಲ್ಲ" ಎಂದು ಮುಂದೆ ಹೋದ.

ಅಂಗಡಿಯಲ್ಲಿ ಗಾದಿಗಳು ಮಾಡಿನೆತ್ತರ ಪೇರಿಸಿದ್ದವು. ಬುಟ್ಟಿಯ ಮುಚ್ಚಳ ತೆಗೆದೆ. ನಕಲು ಹೊರಗೆ ಬಂದು, ಮೂಲೆಮೂಲೆ ಮೂಸಿ, ಒಂದೊಂದೇ ಗಾದಿಗೆ ಉಗುರು ಊರುತ್ತ ಮೇಲೇರಿ, ತುತ್ತತುದಿಯಲ್ಲಿ ಮೂರು ಸುತ್ತು ತಿರುಗಿ ಮಲಗಿಬಿಟ್ಟಿತು. ನಾನು ಬರುತ್ತೇನೆ ಎಂದೆ. ಅದು ಕಣ್ಣು ತೆರೆಯಲಿಲ್ಲ. ಸ್ವಲ್ಪ ಗಟ್ಟಿಯಾಗಿ ಇನ್ನೊಮ್ಮೆ ಎಂದೆ. ಸಾಬರು, "ಹೋಗಿ ಬರ್ರಿ" ಎಂದರು.

ಬಸ್ ಸ್ಟ್ಯಾಂಡಿನ ಅರ್ಧ ದಾರಿಗೆ ಹೋಗಿ ಹಿಂತಿರುಗಿದೆ. "ಛತ್ರಿ ಮರೆತೆ" ಎಂದೆ.

"ಕೈಯಾಗೇ ಐತಲ್ಲ ರೈಟ್ರೇ."

ಅಂಥ ಸಂದರ್ಭದಲ್ಲಿ ಮನುಷ್ಯ ಏನಾದರೂ ಹೇಳಲೇಬೇಕು. ಛತ್ರಿಯ ಜೊತೆಗೆ ಇನ್ನೊಂದು ವಿಷಯವೂ ಮರೆತಿತ್ತು, ನಮಗೊಂದು ದಿಂಬು ಬೇಕಿತ್ತು ಎಂದೆ. ಸಾಬರು ಅಳತೆಯ ಬಟ್ಟೆ ಎಳೆದುಕೊಂಡು, "ಅದೆಷ್ಟರ ಕೆಲಸ? ಕೂಡ್ರಿ, ಚಾ ಕುಡಿಯೋದ್ರಾಗೆ ತುಂಬಿ ಕೊಡ್ತೀನಿ" ಎಂದರು.

"ಬೇಡ ಬೇಡ!" ಎಂದು ಹೌಹಾರಿದೆ. ಒಳ್ಳೆಯ ದಿಂಬು ಅವಸರದಲ್ಲಿ ಆಗುವುದಿಲ್ಲ. ನಿಧಾನವಾಗಿ ಮಾಡಿ, ನಾನೇ ನಡುನಡುವೆ ಬಂದು ಎಲ್ಲಿಗೆ ಬಂತೆಂದು ನೋಡಿಕೊಂಡು ಹೋಗುತ್ತೇನೆ ಎಂದೆ. ಅವರು ಗಾದಿಯ ತುದಿಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ, ಬಟ್ಟೆಯನ್ನು ಮಡಚಿ ಒಳಗಿಟ್ಟರು. "ಹೌದು ಹೌದು," ಎಂದರು, ನನ್ನಷ್ಟೇ ಗಂಭೀರವಾಗಿ, "ದಿಂಬಿನ ಕೆಲಸ ಭಾಳ ನಾಜೂಕು."

ಆ ಮೇಲೆ ಹೊನ್ನಾಳಿಗೆ ಹಲವು ಸಲ ಹೋಗಿ ಬಂದಿದ್ದೇನೆ. ನಕಲು ದುಂಡಗಾಗಿದೆ, ಆಪರೇಷನ್ನೂ ಆಯಿತು, ನಾನು ಒಳಗೆ ಕಾಲಿಟ್ಟರೆ ಒಂದು ಕಣ್ಣು ತೆರೆದು, ಗಿರಾಕಿ ಎಂದು ಖಚಿತ ಮಾಡಿಕೊಂಡು, ಮತ್ತೆ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಮಲಗುವವರು ಇಬ್ಬರು, ಅಮಲ್ದಾರರನ್ನು ಸೇರಿಸಿದರೆ ಮೂವರು. ದಿಂಬುಗಳು ಏಳಾಗಿವೆ. ಎಂಟನೆಯದಕ್ಕೆ ಬಟ್ಟೆ ಯಾವುದೆಂದು ನೋಡಿಬರಲು ನಾಳೆ ಬೆಳಗ್ಗೆ ಹೋಗಬೇಕು. ಶಾರದೆ ಈಗಷ್ಟೇ ಬಂದು, ತಾನೂ ಬರುತ್ತೇನೆ, ಬಟ್ಟೆಯ ವಿಷಯದಲ್ಲಿ ನಿಮ್ಮನ್ನು ನಂಬಲಾಗದು ಎಂದು ಹೇಳಿ, ಎರಡು ಮೊಟ್ಟೆ ಬೇಯಲು ಇಟ್ಟಿದ್ದಾಳೆ.