ಹಿಮ್ಮಡಿಯ ಅಳತೆ

ರಾಯಲ್ಪಾಡಿನ ಪಂಕ್ಚರ್ ಅಂಗಡಿಯವರು ಟೈರಿನ ಗಾಳಿಯನ್ನು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದರು. ಮೀಟರು ಗೋಡೆಯ ಮೊಳೆಯಲ್ಲೇ ಇರುತ್ತಿತ್ತು. "ನಿದಾನಂ ಸಾಮಿ" ಎನ್ನದೆ ಅವರ ಮಾತು ಶುರುವಾಗುತ್ತಿರಲಿಲ್ಲ.

ರಾಜಸ್ಥಾನದ ಮರಳುದಿಬ್ಬಗಳಿಗೆ ಹೊರಡುವ ಮುನ್ನ, ಮಲಗಲು ಹಾಸಿಗೆ, ಅಡುಗೆಗೆ ಒಲೆ ಹಾಕಿಸಿದ್ದ ನಮ್ಮ ವ್ಯಾನನ್ನೂ ಅದರ ಹಿಂದೆ ಕಟ್ಟಿದ್ದ ಬೈಕನ್ನೂ ಅವರಿಗೆ ತೋರಿಸಿದೆ. ದೂರದ ದಾರಿಯೆಂದು ಟೈರಿಗೆ ಗಾಳಿ ಬಿಗಿಯಾಗಿ ತುಂಬಿಸಿದ್ದೆ.

"ನಿದಾನಂ ಸಾಮಿ. ಮೊದ್ಲು ನಮ್ ಕೆರೆ ಮರಳಾಗೆ ಇಳ್ಸಿ ನೋಡಾಣ."

ಇಳಿಸಿದೊಡನೆ ಚಕ್ರ ಹೂತಿತು. ಹೆಂಡತಿ ಮಗಳ ಕೈ ಹಿಡಿದು ಗಾಬರಿಯಿಂದ ಇಳಿದಳು. ಅಂಗಡಿಯವರು ನಗಲಿಲ್ಲ. ನಾಲ್ಕೂ ಟೈರಿನ ಗಾಳಿ ಅರ್ಧ ಬಿಟ್ಟು, ಹಿಮ್ಮಡಿಯಿಂದ ಒತ್ತಿ, "ಈಗ ಓಡ್ಸಿ. ಹೂತ ಟಮೋಟ ಗಾಡಿ ದಿನಾ ಹಿಂಗೇ ಎತ್ತೋದು" ಎಂದರು. ವ್ಯಾನು ಮೇಲೆ ಬಂತು.

ದಾರಿಗೆಂದು ಮತ್ತೆ ಗಾಳಿ ತುಂಬಿಸಿಕೊಂಡಿದ್ದ ವ್ಯಾನು ಮರಳುಗಾಡಿನಲ್ಲೂ ಹೂತಾಗ, ಸುತ್ತ ಯಾರೂ ಇರಲಿಲ್ಲ. ಗಾಳಿ ಬಿಟ್ಟು, ಟೈರಿಗೆ ಹಿಮ್ಮಡಿ ಒತ್ತಿದೆ.

ಕಿಟಕಿಯಿಂದ ಮಗಳು ಹೇಳಿದಳು: "ನಿದಾನಂ ಸಾಮಿ."