ತೋಳಿನ ಪಿನ್ನು

ಮಗಳು ಕಾಲೇಜಿನ ನಾಟಕ ತಂಡ ಸೇರಿದ್ದೇ ಸೇರಿದ್ದು, ಟೈಲರಮ್ಮನಿಗೆ ಕೈತುಂಬ ಬಿಟ್ಟಿ ಕೆಲಸ. ಡಾಕ್ಟರ ಕೋಟಿನಿಂದ ಹಿಡಿದು ಪೋಸ್ಟ್‌ಮ್ಯಾನ್ ಪ್ಯಾಂಟಿನವರೆಗೆ ಎಲ್ಲ ಇವಳ ತಲೆಗೇ ಬಿತ್ತು. “ಇವರು ನಾಟಕ ಆಡ್ತಾರೋ, ನನ್ನನ್ನ ಆಡಿಸ್ತಾರೋ” ಎಂದು ಗೊಣಗುತ್ತಲೇ ಹೊಲಿದಳು.

ಗೊಣಗುವುದೇನು ಹೊಸದಲ್ಲ ಬಿಡಿ. ತುಟಿಯ ಸಂದಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವಳ ಮಾತೆಲ್ಲ. ಅಳತೆ ಕೊಡಲು ಬಂದವರಿಗೆ “ಆಮೇಲೆ ದಪ್ಪ ಆದ್ರೆ ನನ್ನ ಕೇಳ್ಬೇಡಿ.” ಬಟ್ಟೆ ಕೇಳಿಕೊಂಡು ಬಂದವರಿಗೆ “ನಾಳೆ ಬನ್ನಿ, ಗುಂಡಿ ಒಂದು ಬಾಕಿ.” ಆ ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರುವುದಿಲ್ಲ.

“ನಿನ್ನ ಪಾತ್ರ ಯಾವುದೇ?” ಎಂದರೆ ಮಗಳು “ಸಣ್ಣದಮ್ಮ, ಬಂದು ಹೋಗೋದು” ಎಂದು ಜಾರಿಕೊಳ್ಳುತ್ತಿದ್ದಳು. ತನ್ನ ಬಟ್ಟೆಯನ್ನು ಮಾತ್ರ ಅಮ್ಮನ ಕೈಲಿ ಹೊಲಿಸಲಿಲ್ಲ.

ಮೊದಲ ಪ್ರದರ್ಶನದ ಸಂಜೆ ಟೈಲರಮ್ಮ ನಾದಿನಿಯನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ನಾಟಕ ಯಾರಿಗೆ ಬೇಕಿತ್ತು, ಅವಳ ಕಣ್ಣೆಲ್ಲ ಕೋಟಿನ ಹೊಲಿಗೆಯ ಮೇಲೆ. ಅಷ್ಟರಲ್ಲಿ ಮಗಳು ಬಂದಳು. ಮೂಗಿನ ತುದಿಗೆ ಕನ್ನಡಕ, ಕೊರಳಲ್ಲಿ ಅಳತೆ ಪಟ್ಟಿ, ತುಟಿಯಲ್ಲಿ ಗುಂಡುಸೂಜಿ. “ನಾಳೆ ಬನ್ನಿ, ಗುಂಡಿ ಒಂದು ಬಾಕಿ” ಎಂದಳು. ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಟೈಲರಮ್ಮ. ಅವಳು ನಕ್ಕರೆ ಬೀದಿಯ ಆ ತುದಿಗೂ ಕೇಳುತ್ತದೆ.

“ಎಂಥ ಬಾಯಿ ನೋಡು ಆ ಹೆಂಗಸಿಂದು,” ಎಂದು ನಾದಿನಿಯನ್ನು ತಿವಿದಳು.

“ಅತ್ತಿಗೆ, ಅದು ನೀವೇ ಅಲ್ವಾ?” ಎಂದಳು ನಾದಿನಿ ಮೆಲ್ಲಗೆ.

ಅದೇ ಹೊತ್ತಿಗೆ ವೇದಿಕೆಯ ಮೇಲಿನ ದರ್ಜಿ ಕೋಟು ನೇತುಹಾಕಲು ಕೈಯೆತ್ತಿದಳು. ರವಿಕೆಯ ತೋಳಿಗೆ ಗುಂಡಿಯಿಲ್ಲ, ಪಿನ್ನು ಸಿಕ್ಕಿಸಿದೆ. “ಊರಿಗೆಲ್ಲ ಗುಂಡಿ ಹಾಕೋಳು, ನಿನ್ನ ತೋಳಿಗೆ ಪಿನ್ನೇನಮ್ಮಾ?” ಎಂದ ಡಾಕ್ಟರ ಪಾತ್ರದ ಹುಡುಗ. ಜನ ಬಿದ್ದು ಬಿದ್ದು ನಕ್ಕರು. ಟೈಲರಮ್ಮನ ನಗು ಮಾತ್ರ ತಟ್ಟನೆ ನಿಂತಿತು. ಕೈ ತಾನಾಗಿ ತನ್ನ ತೋಳಿಗೆ ಹೋಯಿತು. ಪಿನ್ನು ಅಲ್ಲೇ ಇತ್ತು. ಹೊಟ್ಟೆಯಲ್ಲಿ ಹುಟ್ಟಿದವಳೇ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದಳಲ್ಲ ಎಂದು ಮೈಯೆಲ್ಲ ಉರಿಯಿತು. ಎದ್ದು ಹೋಗಿಬಿಡೋಣ ಅನಿಸಿತು.

ಅತ್ತ ಮಗಳ ಕಿವಿಯೂ ಅಮ್ಮನ ನಗುವಿನ ಮೇಲೇ ಇತ್ತು. ಅದು ನಿಂತದ್ದೇ ತಡ, ಮುಂದಿನ ಸಾಲಿನತ್ತ ನೋಡಿದಳು, ಮಾತು ಮರೆತಳು. ಡಾಕ್ಟರ ಹುಡುಗ ಪಾಪ, ಅದೇ ಮಾತನ್ನು ಇನ್ನೊಮ್ಮೆ ಕೇಳಿದ. ಹಿಂದಿನಿಂದ ಯಾರೋ ಕೆಮ್ಮಿದರು, ಕುರ್ಚಿಗಳು ಕಿರುಗುಟ್ಟಿದವು. ಮಗಳ ಗಲ್ಲ ಅದುರತೊಡಗಿತು. ಅಳುವ ಮುಂಚೆ ಅದು ಹೀಗೇ ಅದುರುತ್ತದೆಂದು ಅಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ.

ಸಿಟ್ಟು ಎಲ್ಲಿ ಹೋಯಿತೋ, ಟೈಲರಮ್ಮ ನಕ್ಕಳು. ಬೇಕೆಂದೇ, ಗಟ್ಟಿಯಾಗಿ ನಕ್ಕಳು. ಶುರುವಿನಲ್ಲಿ ಅದು ಬರೀ ಬಾಯಿಯ ನಗು. ತೋಳಿನ ಪಿನ್ನನ್ನು ಇನ್ನೊಮ್ಮೆ ನೋಡಿಕೊಂಡ ಮೇಲೆ ನಿಜಕ್ಕೂ ನಗು ಬಂತು.

ಮಗಳು ಉಸಿರು ಬಿಟ್ಟಳು. ಸೂಜಿಯನ್ನು ತುಟಿಯ ಆಚೆ ಬದಿಗೆ ಸರಿಸಿ, “ನನ್ನ ತೋಳು ಬಿಡಿ ಸಾರ್, ನಿಮ್ಮ ಕೋಟಿನ ಗುಂಡಿ ಗಟ್ಟಿ ಇದ್ಯಲ್ಲ?” ಎಂದಳು. ಚಪ್ಪಾಳೆ ಬಿತ್ತು.

ಮನೆಗೆ ಬಂದ ಮೇಲೆ ಮಗಳು ಅಮ್ಮನ ಪಕ್ಕ ಕೂತಳು. “ಬೇಜಾರಾಯ್ತಾ ಅಮ್ಮಾ?”

“ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀನು ಬಾಯಿ ಕಟ್ಟಿ ನಿಂತ್ಯಲ್ಲ, ಅದನ್ನ ನೋಡೋಕಾಗ್ಲಿಲ್ಲ ಕಣೆ.”

ಮಗಳು ಗುಂಡಿಯ ಡಬ್ಬಿ ತಂದಳು. “ತೋಳು ಕೊಡು, ಹಾಕ್ತೀನಿ.”

“ನಾಳೆ ಬಾ,” ಎಂದಳು ಟೈಲರಮ್ಮ.

ಮಗಳು ಬಿಡಲಿಲ್ಲ, ಕೈ ಹಿಡಿದು ಹೊಲಿದೇಬಿಟ್ಟಳು. ಗುಂಡಿ ಸೊಟ್ಟಗೆ ಕೂತಿತು. ಬೇರೆಯವರ ಬಟ್ಟೆಯಲ್ಲಾಗಿದ್ದರೆ ಅರೆಗಳಿಗೆಯಲ್ಲಿ ಬಿಚ್ಚಿ ಎಸೆಯುತ್ತಿದ್ದ ಟೈಲರಮ್ಮ, ಇದನ್ನು ಮಾತ್ರ ಇವತ್ತಿಗೂ ಮುಟ್ಟಿಲ್ಲ. ಗಿರಾಕಿಗಳು ಯಾರಾದರೂ ತೋರಿಸಿದರೆ, “ನಮ್ಮ ನಾಟಕದವಳ ಕೆಲಸ” ಎಂದು ತೋಳನ್ನು ಮುಂದಕ್ಕೆ ಚಾಚುತ್ತಾಳೆ.