ಅಣ್ಣನ ಮೇಲೆ ವಶೀಕರಣ

“ಅಣ್ಣಾ, ನನ್ನ ಕಣ್ಣಾಗ ನೋಡು. ನಿನಗ ನಿದ್ದಿ ಬರಾಕತ್ತೈತಿ,” ಎಂದೆ. ಅಣ್ಣ ನಿಧಾನವಾಗಿ ಕಣ್ಣು ಮುಚ್ಚಿದ. ಮೇವಿನ ಬಂಡಿಯಿಂದ ಬಿದ್ದು ಅವನ ಭುಜದ ಕೀಲು ತಪ್ಪಿತ್ತು. ಅದನ್ನು ಕೂಡಿಸಲು ಇರಕಲ್ಲಗಡದ ನಾಟಿ ವೈದ್ಯರು ಬಂದಿದ್ದರು; ನೋಡಲು ಇಡೀ ಓಣಿ ನೆರೆದಿತ್ತು. ಎಪ್ಪತ್ತರ ದಶಕದ ಮಾತು. ಅರ್ಧಕ್ಕೆ ಸಾಲೆ ಬಿಟ್ಟ ನಾನು ಕುಷ್ಟಗಿಯಲ್ಲಿ ಜಾದೂಗಾರನೊಬ್ಬನಿಂದ ವಶೀಕರಣ ಕಲಿತಿದ್ದೆ. ನೋವು ತಿಳಿಯದಂತೆ ಮಲಗಿಸುತ್ತೇನೆಂದು ಎಲ್ಲರೆದುರು ಎದೆ ತಟ್ಟಿ ಹೇಳಿದ್ದೆ.

ವೈದ್ಯರು ತೋಳು ಎಳೆದರು. ಕೀಲು ಕಟಕ್ಕೆಂದಿತು. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಜನ ನನ್ನ ಬೆನ್ನು ತಟ್ಟಿದರು.

ಎಲ್ಲರೂ ಹೋದ ಮೇಲೆ ಅಣ್ಣ ನನ್ನನ್ನು ಹತ್ತಿರ ಕರೆದ. “ಎಲ್ಲಿ ನಿದ್ದಿಲೇ ಹುಚ್ಚಾ! ಜೀವ ಹೋಗಿ ಬಂತು. ಅಷ್ಟು ಮಂದಿ ಮುಂದ ನಿನ್ನ ಮರ್ಯಾದಿ ಹೋಗಬಾರದಂತ ಹಲ್ಲು ಕಚ್ಚಿ ತಡಕೊಂಡೆ.”

ಆ ವಿದ್ಯೆಯನ್ನು ಅಂದೇ ಬಿಟ್ಟೆ. ಆದರೆ ಅಂದಿನಿಂದ ಇಂದಿನವರೆಗೂ ಅಣ್ಣನ ಯಾವ ಮಾತನ್ನೂ ಮೀರಿಲ್ಲ.